ಮದುವೆಗೆ ಹೋಗಿ ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಮದುವೆ ಮಾಡುವವನ ಕಷ್ಟವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮದುವೆಗೆ ಹೋಗುವವನನ್ನು ಕುರಿತು ಅವರು ಗಾದೆ ಕಟ್ಟಲಿಲ್ಲ. ಅಂದು ಅದರ ಅಗತ್ಯವಿರಲಿಲ್ಲ. ಇಂದು ಆ ಗಾದೆಗೆ ಮೂರನೆಯ ಪಾದವೊಂದನ್ನು ಸೇರಿಸಬೇಕಾದ ಕಾಲ ಬಂದಿದೆ. ಲಗ್ನದ ತಿಂಗಳು ಬಂತೆಂದರೆ ಮಧ್ಯಮವರ್ಗದ ಗೃಹಸ್ಥನು ಮನೆಗೆ ಬಂದ ಲಗ್ನಪತ್ರಿಕೆಗಳನ್ನು ವಿದ್ಯುತ್ ಬಿಲ್ಲು, ಶಾಲೆಯ ಶುಲ್ಕಗಳ ಚೀಟಿಯೊಡನೆ ಒಟ್ಟಿಗೇ ಇಟ್ಟು ಎಣಿಸುತ್ತಾನೆ. ಶುಭ ಸಮಾಚಾರವು ಸಾಲದ ಪತ್ರದಂತೆ ಕಾಣುವ ಸ್ಥಿತಿ ಯಾವ ಸಮಾಜಕ್ಕೂ ಭೂಷಣವಲ್ಲ.

ಈ ಗೃಹಸ್ಥನು ಅಲ್ಪಸ್ವಲ್ಪ ಹಿಡಿತದಿಂದ ಖರ್ಚು ಮಾಡಿದರೆ ಅವನಿಗೆ ‘ಜಿಪುಣ’ ಎಂಬ ಬಿರುದು ಸಿದ್ಧವಾಗಿರುತ್ತದೆ. ಈ ಬಿರುದನ್ನು ಕೊಡುವವರು ಯಾರು, ಯಾವ ಅಳತೆಗೋಲಿನಿಂದ ಕೊಡುತ್ತಾರೆ ಎಂಬುದನ್ನು ನಿಷ್ಠುರವಾಗಿ ವಿಚಾರಿಸುವುದು ಅವಶ್ಯ. ಅತಿಥಿಯ ಮಿತವ್ಯಯ ಜಿಪುಣತನವಲ್ಲ, ಅದು ಗೃಹಸ್ಥನ ಕರ್ತವ್ಯ. ಆ ಕರ್ತವ್ಯಕ್ಕೆ ಅಡ್ಡಿಯಾಗುವ ಆಡಂಬರವೇ ದೋಷ.

ಮೊದಲು ಲೆಕ್ಕವನ್ನೇ ನೋಡಬಹುದು. ತಿಂಗಳಿಗೆ 30,000 ರೂಪಾಯಿ ವರಮಾನವಿರುವ ನಾಲ್ವರ ಕುಟುಂಬವೊಂದಕ್ಕೆ ವರ್ಷದಲ್ಲಿ ಎಂಟು ಮದುವೆಗಳ ಕರೆ ಬಂದಿದೆ ಎಂದು ಇಟ್ಟುಕೊಳ್ಳಬಹುದು. ಒಂದೊಂದು ಮದುವೆಗೆ ಪ್ರಯಾಣಕ್ಕೆ 1,200, ಉಡುಗೊರೆಗೆ 1,000, ಹೊಸ ಬಟ್ಟೆ, ಹೊಲಿಗೆ, ಹೂವು ಮುಂತಾದವಕ್ಕೆ 1,500 ರೂಪಾಯಿಯಂತೆ ಹಿಡಿದರೂ 3,700 ರೂಪಾಯಿ ಆಗುತ್ತದೆ. ಎಂಟು ಮದುವೆಗಳಿಗೆ 29,600. ಅಂದರೆ ಹನ್ನೆರಡು ತಿಂಗಳ ದುಡಿಮೆಯಲ್ಲಿ ಒಂದು ತಿಂಗಳ ದುಡಿಮೆ ಪರರ ಮಂಟಪಗಳಲ್ಲಿ ಕರಗಿತು. ಈ ಹಣವನ್ನು ಯಾವ ಗೃಹಿಣಿಯೂ ತಿಂಗಳ ಖರ್ಚಿನ ಪಟ್ಟಿಯಲ್ಲಿ ಬರೆದಿಡುವುದಿಲ್ಲ. ಆದ್ದರಿಂದ ಅದು ಮಗುವಿನ ಪುಸ್ತಕದಿಂದಲೋ, ಮುದುಕರ ಔಷಧದಿಂದಲೋ, ಕೈಸಾಲದಿಂದಲೋ ಬರಲೇಬೇಕು.

ಇದಕ್ಕೆ ಕೆಲವರು ಕೊಡುವ ಸಮಾಧಾನವೊಂದಿದೆ: ‘ಇದು ಇಂದಿನದಲ್ಲ, ಮುಯ್ಯಿ ಎಂಬುದು ಹಿಂದಿನಿಂದ ಬಂದ ಪದ್ಧತಿ.’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಮಾತಿದೆ. ಒಬ್ಬನ ಹೊಲದ ಕೆಲಸಕ್ಕೆ ಇನ್ನೊಬ್ಬ ಬಂದು ದುಡಿದರೆ, ಅವನ ಹೊಲಕ್ಕೆ ಇವನು ಹೋಗಿ ದುಡಿದು ಋಣ ತೀರಿಸುತ್ತಿದ್ದ. ಮದುವೆಯ ಮುಯ್ಯಿಯೂ ಇದೇ ಮನೋಭಾವದಿಂದ ಬಂದದ್ದು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ವೀಳ್ಯದೆಲೆ, ಒಂದಿಷ್ಟು ನಾಣ್ಯ ಇವುಗಳನ್ನು ಊರಿನವರು ಕೂಡಿಸಿ ಕೊಟ್ಟರೆ ಬಡವನ ಮನೆಯ ಮದುವೆ ಸಾಗುತ್ತಿತ್ತು. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ಅದು ಬಡ್ಡಿಯಿಲ್ಲದ ಚೀಟಿ. ಪ್ರತಿಯೊಬ್ಬನಿಗೂ ತನ್ನ ಸರದಿ ಬರುತ್ತಿತ್ತು. ಹಣ ಬೇಕಾದವನಿಗೆ ಬೇಕಾದ ಹೊತ್ತಿಗೆ ಒದಗುತ್ತಿತ್ತು.

ಇಂದಿನ ಮುಯ್ಯಿಯಲ್ಲಿ ಈ ಎರಡು ಗುಣಗಳೂ ಉಳಿದಿಲ್ಲ. ಇಂದು ದೊಡ್ಡ ಉಡುಗೊರೆ ಹೋಗುವುದು ದೊಡ್ಡ ಮನೆಗೆ. ಗುಮಾಸ್ತನ ಮಗಳ ಮದುವೆಗೆ 200 ರೂಪಾಯಿ ಸಾಕೆನ್ನುವ ಕೈಯೇ ಮಾಲೀಕನ ಮಗನ ಆರತಕ್ಷತೆಗೆ ಬೆಳ್ಳಿಯ ಬಟ್ಟಲನ್ನು ಹುಡುಕುತ್ತದೆ. ನೀರು ತಗ್ಗಿಗೆ ಹರಿಯುವುದು ಪ್ರಕೃತಿಯ ಧರ್ಮ. ಉಡುಗೊರೆ ಮಾತ್ರ ಏರಿಗೆ ಹರಿಯುತ್ತಿದೆ. ಸರದಿಯ ನ್ಯಾಯವೂ ಇಲ್ಲ. ಮಕ್ಕಳಿಲ್ಲದವರು, ಮಕ್ಕಳ ಮದುವೆಯನ್ನು ಸರಳವಾಗಿ ಮುಗಿಸಿದವರು ಜೀವನಪರ್ಯಂತ ಕೊಡುತ್ತಲೇ ಇರಬೇಕು. ಕನ್ನಡದಲ್ಲಿ ‘ಮುಯ್ಯಿ ತೀರಿಸಿಕೊಳ್ಳುವುದು’ ಎಂದರೆ ಸೇಡು ತೀರಿಸಿಕೊಳ್ಳುವುದೆಂಬ ಅರ್ಥವೂ ಇದೆ. ‘ಅವರು ನಮ್ಮ ಮದುವೆಗೆ ಇಷ್ಟೇ ಹಾಕಿದ್ದರು’ ಎಂದು ಹಳೆಯ ಪುಸ್ತಕವನ್ನು ತೆರೆದು ನೋಡುವ ಮನೆಗಳಲ್ಲಿ ಆ ಎರಡು ಅರ್ಥಗಳ ನಡುವಿನ ಅಂತರ ತೀರ ಕಡಿಮೆ.

ಇನ್ನೊಂದು ವಾದ ಇದಕ್ಕಿಂತ ವಿಚಿತ್ರವಾದುದು. ಊಟದ ಗುತ್ತಿಗೆದಾರನು ಎಲೆಯೊಂದಕ್ಕೆ ಎಷ್ಟು ಬೆಲೆ ಹಾಕಿದ್ದಾನೋ ಅಷ್ಟಾದರೂ ಅತಿಥಿ ಕೊಡಬೇಡವೇ ಎಂಬುದು ಆ ವಾದ. ಎಲೆಯ ಬೆಲೆಯನ್ನು ಉಂಡವನಿಂದ ವಸೂಲು ಮಾಡುವ ಸ್ಥಳಕ್ಕೆ ಖಾನಾವಳಿ ಎಂದು ಹೆಸರು. ಖಾನಾವಳಿಯಲ್ಲಿ ಉಣ್ಣುವವನು ತನ್ನ ಶಕ್ತಿಗೆ ತಕ್ಕ ಊಟವನ್ನು ತಾನೇ ಆರಿಸಿಕೊಳ್ಳುತ್ತಾನೆ. ಮದುವೆಯಲ್ಲಿ ಇಪ್ಪತ್ತೈದು ಬಗೆಯ ಭಕ್ಷ್ಯಗಳನ್ನು ಆರಿಸಿದವನು ಯಜಮಾನ, ಬೆಲೆ ತೆರಬೇಕಾದವನು ಅತಿಥಿ ಎಂಬುದು ಯಾವ ನ್ಯಾಯ? ಕರೆದು ಉಣಿಸುವುದು ಆತಿಥ್ಯ. ಪ್ರತಿಫಲವನ್ನು ಲೆಕ್ಕಹಾಕಿ ಉಣಿಸುವುದು ವ್ಯಾಪಾರ. ವ್ಯಾಪಾರ ಕೀಳಲ್ಲ, ಆದರೆ ಅದನ್ನು ಅಂಗಡಿಯಲ್ಲಿ ಮಾಡಬೇಕು, ಧಾರೆಯ ಮಂಟಪದಲ್ಲಿ ಅಲ್ಲ.

ಉಡುಗೊರೆಯ ವಸ್ತುಗಳ ಗತಿಯಂತೂ ಸರ್ವವಿದಿತ. ಗೋಡೆ ಗಡಿಯಾರ, ನಿಂಬೆಹಣ್ಣಿನ ಪಾನಕದ ಲೋಟಗಳು, ಊಟದ ತಟ್ಟೆಗಳ ಪೆಟ್ಟಿಗೆ ಇವು ಅಟ್ಟವನ್ನೇರಿ, ಹೊಸ ಕಾಗದವನ್ನು ಸುತ್ತಿಕೊಂಡು ಇನ್ನೊಂದು ಮದುವೆಗೆ ಹೊರಡುತ್ತವೆ. ಕೊಟ್ಟವನ ಹಣ ವ್ಯಯವಾಯಿತು, ಪಡೆದವನಿಗೆ ಉಪಯೋಗವಾಗಲಿಲ್ಲ. ಇದಕ್ಕಿಂತ ನಷ್ಟದ ವಹಿವಾಟನ್ನು ವರ್ತಕನು ಬೇರೆಲ್ಲಿಯೂ ಕಾಣಲಾರ. ಲಕೋಟೆಯಲ್ಲಿ 101, 501 ಎಂದು ಇಡುವಾಗ ಜನ ಆ ಒಂದು ರೂಪಾಯಿಯನ್ನು ಮರೆಯುವುದಿಲ್ಲ. ಶುಭವಿರುವುದು ಆ ಒಂದರಲ್ಲಿಯೇ. ಉಳಿದ ಸೊನ್ನೆಗಳನ್ನು ಬೆಳೆಸಿದ್ದು ಪ್ರತಿಷ್ಠೆ.

ಈ ವಿಷಯದಲ್ಲಿ ಕಾನೂನು ಸಮಾಜಕ್ಕಿಂತ ವಿವೇಕಿಯಾಗಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಗೆ 1984ರಲ್ಲಿ ಆದ ತಿದ್ದುಪಡಿಯಂತೆ, ವಧುವಿನ ಕಡೆಯವರು ಕೇಳದೆಯೇ ಕೊಡುವ ಕಾಣಿಕೆಗಳು ಕೂಡ ವಾಡಿಕೆಯವಾಗಿರಬೇಕು. ಅವುಗಳ ಬೆಲೆ ಕೊಡುವವರ ಆರ್ಥಿಕ ಸ್ಥಿತಿಯನ್ನು ಮೀರಿರಬಾರದು. ಅಳತೆ ಕೊಡುವವನ ಶಕ್ತಿಯೇ ಹೊರತು ಪಡೆಯುವವನ ಅಂತಸ್ತಲ್ಲ ಎಂಬುದನ್ನು ಗಮನಿಸಬೇಕು. 1985ರ ನಿಯಮಗಳು ಕಾಣಿಕೆಗಳ ಪಟ್ಟಿಯನ್ನು ಮಾಡಿಡಲು ಹೇಳುತ್ತವೆ. ಆ ಪಟ್ಟಿ ವಧುವಿನ ರಕ್ಷಣೆಗಾಗಿ. ಮನೆಯಲ್ಲಿ ಬರೆಯುವ ಪಟ್ಟಿ ಮಾತ್ರ ಅತಿಥಿಯನ್ನು ತೂಗುವುದಕ್ಕಾಗಿ.

‘ಆಶೀರ್ವಾದವೇ ಉಡುಗೊರೆ’ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ರೂಢಿ ಸ್ವಾಗತಾರ್ಹ. ಆದರೆ ಅಚ್ಚಿನಲ್ಲಿ ಹೀಗೆ ಹೇಳಿ, ಮಂಟಪದಲ್ಲಿ ಪುಸ್ತಕ, ಲೇಖನಿ ಹಿಡಿದ ಬಂಧುವೊಬ್ಬನನ್ನು ಕೂರಿಸಿದರೆ ಆ ಮಾತು ಸುಳ್ಳಾಗುತ್ತದೆ. ಕಣ್ಣಿಗೆ ಕಾಣದ ಹಾನಿ ಇನ್ನೊಂದಿದೆ. ಕೊಡಲು ಕೈಯಲ್ಲಿ ಏನೂ ಇಲ್ಲವೆಂಬ ಒಂದೇ ಕಾರಣದಿಂದ ಮೊಣಕಾಲಿನ ನೋವನ್ನು ನೆಪಮಾಡಿ ಮನೆಯಲ್ಲಿಯೇ ಉಳಿಯುವ ವಿಧವೆ ಅತ್ತೆಯರು, ನಿವೃತ್ತ ಸೋದರಮಾವಂದಿರು ಎಲ್ಲ ಬಂಧುವರ್ಗಗಳಲ್ಲಿಯೂ ಇದ್ದಾರೆ. ವಧುವನ್ನು ಎತ್ತಿ ಆಡಿಸಿದವರು ಇವರೇ. ಅಕ್ಷತೆ ಹಾಕಲು ಮೊದಲ ಅಧಿಕಾರವೂ ಇವರದೇ. ಆಡಂಬರವು ಹಣವನ್ನಷ್ಟೇ ಕಳೆಯುವುದಿಲ್ಲ, ಬರಬೇಕಾದವರನ್ನೇ ದೂರವಿಡುತ್ತದೆ.

ಬೇರೆ ದಾರಿ ಇಲ್ಲವೆನ್ನುವಂತಿಲ್ಲ. ಕುವೆಂಪು ಅವರು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ಆಡಂಬರಕ್ಕೂ ವರದಕ್ಷಿಣೆಗೂ ಸ್ಥಳವಿಲ್ಲ. ಧರ್ಮಸ್ಥಳದಲ್ಲಿ 1972ರಲ್ಲಿ ಆರಂಭವಾದ ಸಾಮೂಹಿಕ ವಿವಾಹಗಳಲ್ಲಿ ಸೀರೆ, ಮಾಂಗಲ್ಯ, ಧೋತಿ, ಶಲ್ಯಗಳನ್ನು ಕ್ಷೇತ್ರವೇ ಒದಗಿಸುತ್ತದೆ; ಹನ್ನೆರಡು ಸಾವಿರಕ್ಕೂ ಮಿಗಿಲಾದ ಜೋಡಿಗಳು ಅಲ್ಲಿ ಗೃಹಸ್ಥರಾಗಿವೆ. ಬೆಳ್ಳಿಯ ಬಟ್ಟಲು ಬರಲಿಲ್ಲವೆಂದು ಅವರ ದಾಂಪತ್ಯಕ್ಕೆ ಕುಂದಾಗಲಿಲ್ಲ.

ಗೃಹಸ್ಥನು ತನ್ನಿಂದಲೇ ಆರಂಭಿಸಬಹುದಾದ ಕೆಲಸಗಳಿವೆ. ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕವನ್ನು ತೆರೆಯುವಾಗಲೇ ವರ್ಷದ ಮದುವೆಗಳಿಗೆ ಇಷ್ಟೇ ಎಂದು ಮೊತ್ತವನ್ನು ನಿಶ್ಚಯಿಸಬೇಕು, ಅದನ್ನು ಮೀರಬಾರದು. ಕೊಡುವಾಗ ಉಳ್ಳವರ ಮನೆಗೆ ಹೂವು, ಹಣ್ಣು ಸಾಕು. ಇಲ್ಲದವರ ಮನೆಗೆ ಹಣವನ್ನು, ಅದೂ ಮದುವೆಗೆ ಹದಿನೈದು ದಿನ ಮೊದಲೇ, ಮೂರನೆಯವರ ಕಣ್ಣಿಗೆ ಬೀಳದಂತೆ ತಲುಪಿಸಬೇಕು. ನಾಲ್ಕು ಮನೆಯವರು ಕೂಡಿ ಉಪಯುಕ್ತವಾದ ಒಂದೇ ವಸ್ತುವನ್ನು ಕೊಡಬಹುದು. ಉಟ್ಟ ಸೀರೆಯನ್ನು ಮತ್ತೆ ಉಡುವುದರಲ್ಲಿ ನಾಚಿಕೆಯಿಲ್ಲ. ಸರ್ಕಾರಿ ಬಸ್ಸಿನಲ್ಲಿ ಬಂದಿಳಿಯುವುದರಲ್ಲಿ ಅವಮಾನವಿಲ್ಲ. ದೂರದ ಊರಿನ ಮದುವೆಗೆ ಮನೆಗೊಬ್ಬರು ಹೋದರೆ ಸಾಕು. ಅದೂ ಆಗದಿದ್ದರೆ ಸ್ವಹಸ್ತದಲ್ಲಿ ಬರೆದ ಹರಕೆಯ ಪತ್ರ ಸಾಕು. ಸಾಲ ಮಾಡಿ ಮಾತ್ರ ಉಡುಗೊರೆ ಕೊಡಕೂಡದು. ಇನ್ನೊಬ್ಬರಿಂದ ಪಡೆದ ಹಣವನ್ನು ತನ್ನದೆಂದು ಕೊಡುವುದು ಔದಾರ್ಯವೆನಿಸುವುದಿಲ್ಲ.

ಯಜಮಾನನ ಕರ್ತವ್ಯ ಇನ್ನೂ ದೊಡ್ಡದು. ಉಡುಗೊರೆ ಬೇಡವೆಂದು ಅಚ್ಚು ಹಾಕಿಸಿದವನು ಬಂದ ಲಕೋಟೆಯನ್ನು ಕೈಮುಗಿದು ಹಿಂದಿರುಗಿಸುವ ಧೈರ್ಯ ತೋರಬೇಕು. ಬರೆಯುವ ಪುಸ್ತಕವನ್ನು ಮಂಟಪದಿಂದ ಹೊರಗಿಡಬೇಕು. ಸ್ಥಿತಿವಂತರು ಮೊದಲು ಇದನ್ನು ಆಚರಿಸಿದರೆ ಉಳಿದವರಿಗೆ ದಾರಿ ತೆರೆಯುತ್ತದೆ. ಬಡವನು ಹಾಗೆ ಮಾಡಿದರೆ ಬಡತನವೆನ್ನುವ ಲೋಕ, ಶ್ರೀಮಂತನು ಮಾಡಿದಾಗ ಆದರ್ಶವೆನ್ನುತ್ತದೆ. ಲೋಕದ ಈ ದೌರ್ಬಲ್ಯವನ್ನು ಒಳ್ಳೆಯ ಕೆಲಸಕ್ಕೆ ಬಳಸಿಕೊಳ್ಳುವುದು ಉಳ್ಳವರ ಹೊಣೆ. ಬರುವ ಲಗ್ನದ ತಿಂಗಳಿಗೆ ಪತ್ರಿಕೆಗಳನ್ನು ಅಚ್ಚಿಗೆ ಕೊಡುವ ಮುನ್ನ ಪ್ರತಿಯೊಬ್ಬ ಯಜಮಾನನೂ ತನ್ನ ಬಂಧುಗಳಲ್ಲಿ ತೀರ ಬಡವರು ಯಾರೆಂದು ನೆನೆಯಲಿ. ಅವರು ಅಳುಕಿಲ್ಲದೆ ಬಂದು ಮೊದಲ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಹ ಮದುವೆಯನ್ನು ಮಾಡಲಿ.