ಅವರ ಟೈರ್ ಬೇಡ, ಅವರ ಪಂಚಾಂಗ ಬೇಕು

ಮೇ ತಿಂಗಳ ಮಧ್ಯಾಹ್ನ ವಿಜಯವಾಡದ ಗವರ್ನರ್‌ಪೇಟೆಯಲ್ಲಿ ನಿಂತು ಚಳಿಗಾಲದ ಟೈರಿನ ಮಾತೆತ್ತಿದರೆ, ಬಿಸಿಲು ನೆತ್ತಿಗೇರಿದೆ ಎಂದುಕೊಂಡು ಜನ ನೆರಳಿಗೆ ಕರೆದು ಮಜ್ಜಿಗೆ ಕೊಟ್ಟಾರು. ರೋಹಿಣಿ ಕಾರ್ತೆಯ (ರೋಹಿಣಿ ನಕ್ಷತ್ರದ ದಿನಗಳ) ಬಿಸಿಲಿಗೆ ಒರಳುಕಲ್ಲೇ ಬಿರಿಯುತ್ತದೆ ಎಂಬ ಗಾದೆಯ ಸೀಮೆ ಅದು. ಆದರೂ ಚಳಿಗಾಲದ ಟೈರೋ, ಎಲ್ಲ ಕಾಲದ ಟೈರೋ ಎಂಬ ಪ್ರಶ್ನೆ ನಮ್ಮ ಊರುಗಳಿಗೂ ಬಂದು ತಲುಪಿದೆ. ಮ್ಯೂನಿಕ್‌ನಲ್ಲೋ ಟೊರೊಂಟೊದಲ್ಲೋ ಇರುವ ಮಗಳು, ಅಳಿಯ ವರ್ಷಕ್ಕೆ ಎರಡು ಸಲ ಟೈರ್ ಬದಲಿಸುವ ಸುದ್ದಿ ಹೇಳುತ್ತಾರೆ. ಇಲ್ಲಿನ ಅಂಗಡಿಯಲ್ಲಿ ‘ಆಲ್ ಸೀಸನ್ ಸಾರ್’ ಎಂಬ ಮಾತು ಏನೋ ಹೆಚ್ಚಿನ ಗುಣವೆಂಬಂತೆ ಕೇಳಿಸುತ್ತದೆ. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಸುಲಭ, ಎರಡೂ ಬೇಡ. ಆದರೆ ಚಳಿ ದೇಶದವರಿಂದ ಎರವಲು ತರಬೇಕಾದ ಒಂದು ವಸ್ತು ಆ ಟೈರಿನ ಪಕ್ಕದಲ್ಲೇ ಇದೆ, ಅದನ್ನು ಯಾರೂ ತರುತ್ತಿಲ್ಲ.

ಮೊದಲು ರಬ್ಬರಿನ ಸಂಗತಿ. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗೆ ಗಡುಸಾಗುತ್ತ ಹೋಗಿ ರಸ್ತೆಯ ಮೇಲಿನ ಹಿಡಿತ ಕಳೆದುಕೊಳ್ಳುತ್ತದೆ. 7 ಎಂಬುದು ಗೋಡೆಯಲ್ಲ, ಅಂದಾಜಿನ ಗೆರೆ. ಚಳಿಗಾಲದ ಟೈರಿಗೆ ಅಲ್ಲಿಯೂ ಮೆತ್ತಗೆ ಉಳಿಯುವ ರಬ್ಬರು ಹಾಕುತ್ತಾರೆ, ಅದರ ಮೇಲೆ ಹಿಮ ಕಚ್ಚಿ ಹಿಡಿಯುವ ನೂರಾರು ಸಣ್ಣ ಸೀಳುಗಳಿರುತ್ತವೆ. ಈಗ ನಮ್ಮ ಕಡೆಯ ಅಂಕಿ ನೋಡಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ರಸ್ತೆಗೆ ಕಾರು ಬರುವುದಕ್ಕೂ ಹಿಂದಿನ ಆ ರಾತ್ರಿ ಕೂಡ ಗೆರೆ ದಾಟಲಿಲ್ಲ. ವಿಜಯವಾಡದಲ್ಲಿ ಡಿಸೆಂಬರ್ ರಾತ್ರಿಯೂ ಆ ಅಂಕಿಯ ಹತ್ತಿರ ಸುಳಿಯುವುದಿಲ್ಲ.

ಲಂಬಸಿಂಗಿ ಇದೆಯಲ್ಲ ಎಂದು ವಿಶಾಖಪಟ್ಟಣದ ಕಡೆಯವರು ತಕ್ಷಣ ನೆನಪಿಸುತ್ತಾರೆ, ನ್ಯಾಯವಾಗಿಯೇ. ಹಿಂದೆ ವಿಶಾಖಪಟ್ಟಣ ಜಿಲ್ಲೆಯಲ್ಲಿದ್ದು 2022ರಿಂದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿದ, ಸುಮಾರು 1,000 ಮೀಟರ್ ಎತ್ತರದ ಈ ಹಳ್ಳಿಯನ್ನು ಆಂಧ್ರದ ಕಾಶ್ಮೀರ ಎನ್ನುತ್ತಾರೆ. ಅದರ ಇನ್ನೊಂದು ಹೆಸರು ಕೊರ್ರಬಯಲು. ಬಯಲಲ್ಲಿ ಮಲಗಿದವನು ಬೆಳಗಾಗುವಷ್ಟರಲ್ಲಿ ಕೊರಡಾಗುತ್ತಾನೆ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಕನ್ನಡಿಗರಿಗೆ ಅನುವಾದವೇ ಬೇಡ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಅಲ್ಲಿ ಉಷ್ಣಾಂಶ ಒಂದಂಕಿಗೆ ಇಳಿಯುತ್ತದೆ, ಮಂಜು ನೋಡಲು ಕಾರುಗಳು ಸಾಲುಗಟ್ಟಿ ಘಾಟಿ ಹತ್ತುತ್ತವೆ. ಆದರೆ ಆ ಚಳಿ ಬಿಸಿಲೇರುವವರೆಗಿನ ಕೆಲವು ಗಂಟೆಗಳದ್ದು. ರಸ್ತೆಯ ಮೇಲೆ ಹಿಮ ಕೂರುವುದಿಲ್ಲ, ಇಬ್ಬನಿ ಕೂರುತ್ತದೆ. ಘಾಟಿ ಇಳಿಯುವ ಕಾರನ್ನು ಅಲ್ಲಿ ಕಾಯುವುದು ಸವೆಯದ ಟೈರು, ಮಂಜಿನಲ್ಲಿ ನಿಧಾನವಾಗಿ ಹೋಗುವ ವಿವೇಕ.

ಹಾಗಾದರೆ ಒಮ್ಮೆ ಹಾಕಿಸಿ ಮರೆತುಬಿಡಬಹುದಾದ ಎಲ್ಲ ಕಾಲದ ಟೈರ್ ಆಗಬಾರದೇಕೆ? ಹೆಸರಿನಲ್ಲೇ ಮೋಸವಿದೆ. ‘ಎಲ್ಲ ಕಾಲ’ ಎಂದು ಹೆಸರಿಟ್ಟವರ ಕಾಲಗಳು ಬೇರೆ. ಅವರ ಎಣಿಕೆಯಲ್ಲಿ ಒಂದು ತುದಿಗೆ ಹಿಮ, ಇನ್ನೊಂದು ತುದಿಗೆ ಹದವಾದ ಬೇಸಿಗೆ. ಡಾಂಬರೇ ಮೆತ್ತಗಾಗುವ 45 ಡಿಗ್ರಿಯ ಬಿಸಿಲು, ಅದು ಮುಗಿದೊಡನೆ ಆಕಾಶವೇ ಕಳಚಿ ಬೀಳುವಂಥ ಮಳೆ ಆ ಪಟ್ಟಿಯಲ್ಲಿಲ್ಲ. ಹಿಮಕ್ಕೆಂದು ರಬ್ಬರನ್ನು ಮೆದು ಮಾಡಿದಷ್ಟೂ ಕಾದ ರಸ್ತೆಯಲ್ಲಿ ಅದು ತೊನೆಯುತ್ತದೆ, ಬೇಗ ಸವೆಯುತ್ತದೆ, ಬ್ರೇಕ್ ಒತ್ತಿದ ಮೇಲೆ ಕಾರು ಹೆಚ್ಚು ದೂರ ಸಾಗಿ ನಿಲ್ಲುತ್ತದೆ. ನಮ್ಮ ಕಾರಿನ ಜೊತೆ ಬರುವ ಸಾಮಾನ್ಯ ಟೈರ್ ಯುರೋಪಿನ ಲೆಕ್ಕದಲ್ಲಿ ಬೇಸಿಗೆ ಟೈರ್. ನಮ್ಮ ಮಟ್ಟಿಗೆ ಅದೇ ಎಲ್ಲ ಕಾಲದ್ದು. ಲಡಾಖ್, ಕಾಶ್ಮೀರ, ಹಿಮಾಚಲದ ಎತ್ತರದಲ್ಲಿ ವಾಸವಿರುವವರ ಮಾತು ಬೇರೆ, ಅವರಿಗೆ ಚಳಿಗಾಲದ ಟೈರ್ ನಿಜವಾಗಿ ಬೇಕು. ಒಂದು ವಾರ ಮನಾಲಿ ನೋಡಿ ಬರುವವರಿಗೆ ಚಕ್ರಕ್ಕೆ ಸುತ್ತುವ ಸರಪಳಿ ಸಾಕು, ಇಲ್ಲವೇ ಅಲ್ಲಿನ ಟ್ಯಾಕ್ಸಿ.

ಇಷ್ಟಾದ ಮೇಲೂ ಚಳಿ ದೇಶದವರನ್ನು ನೋಡಿ ಕಲಿಯುವುದೇನು? ಜರ್ಮನ್ನರಲ್ಲಿ ‘ಓ ಇಂದ ಓ ವರೆಗೆ’ ಎಂಬ ಲೆಕ್ಕವಿದೆ. ಅಕ್ಟೋಬರ್‌ಗೂ ಈಸ್ಟರ್ ಹಬ್ಬಕ್ಕೂ ಅವರ ಭಾಷೆಯಲ್ಲಿ ಮೊದಲ ಅಕ್ಷರ ಒಂದೇ, ಆ ನಡುವಿನ ತಿಂಗಳುಗಳಲ್ಲಿ ಚಳಿಗಾಲದ ಟೈರ್. ಅಲ್ಲಿನ ಕಾನೂನು ನೋಡುವುದು ರಸ್ತೆಯ ಸ್ಥಿತಿಯನ್ನು, ಜನ ನೋಡುವುದು ತಿಂಗಳನ್ನು. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾನೂನೇ ಕಡ್ಡಾಯ ಮಾಡಿದೆ. ಇದರ ಫಲ ಹಿಮದ ಮೇಲೆ ಜಾರದಿರುವುದಷ್ಟೇ ಅಲ್ಲ. ವರ್ಷಕ್ಕೆ ಎರಡು ಸಲ ನಾಲ್ಕೂ ಟೈರ್ ಕಳಚುತ್ತಾರೆ, ಕಸುಬು ಬಲ್ಲವನ ಕಣ್ಣು ಅವುಗಳ ಒಳಮೈ ಮೇಲೂ ಹಾಯುತ್ತದೆ. ಒಂದು ಅಂಚು ಮಾತ್ರ ಸವೆದಿದ್ದರೆ, ಪಕ್ಕದಲ್ಲಿ ಉಬ್ಬಿದ್ದರೆ, ರಬ್ಬರು ಬಿರಿದಿದ್ದರೆ ಗೊತ್ತಾಗುತ್ತದೆ. ನಮ್ಮಲ್ಲಿ ಟೈರಿಗೆ ಆ ಭಾಗ್ಯ ಬರುವುದು ಪಂಕ್ಚರ್ ಆದಾಗ, ಬಂದರೂ ಒಂದಕ್ಕೆ ಮಾತ್ರ.

ಅವರಿಗೆ ಹಿಮವಿದ್ದಂತೆ ನಮಗೆ ಮಳೆ. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಸಿಂಗ್‌ನಗರ ಮುಳುಗಿತು. ಆ ನೀರಿಗೆ ಟೈರ್ ಉತ್ತರವಲ್ಲ, ಅಲ್ಲಿ ಬೇಕಿದ್ದದ್ದು ದೋಣಿ. ಟೈರಿನ ಮಳೆ ಅಷ್ಟು ಕಣ್ಣಿಗೆ ಬೀಳುವಂಥದ್ದಲ್ಲ, ಹೆದ್ದಾರಿಯ ಮೇಲೆ ಹಾಸಿದಂತೆ ನಿಲ್ಲುವ ಎರಡು ಮೂರು ಮಿಲಿಮೀಟರ್ ನೀರು. 185 ಮಿ.ಮೀ. ಅಗಲದ ಟೈರೊಂದು ಗಂಟೆಗೆ 80 ಕಿ.ಮೀ. ವೇಗದಲ್ಲಿ 3 ಮಿ.ಮೀ. ನೀರಿನ ಮೇಲೆ ಹೋಗುತ್ತಿದೆ ಎನ್ನಿ. ಸೆಕೆಂಡಿಗೆ 22 ಮೀಟರ್ ಓಡುವ ಆ ಟೈರ್ ಅಷ್ಟರಲ್ಲಿ 12 ಲೀಟರಿಗೂ ಹೆಚ್ಚು ನೀರನ್ನು ದಾರಿಯಿಂದ ಸರಿಸಬೇಕು. ಹೆಚ್ಚುಕಡಿಮೆ ಒಂದು ಬಕೆಟ್ ನೀರು, ಪ್ರತಿ ಸೆಕೆಂಡಿಗೆ, ಪ್ರತಿ ಮುಂಚಕ್ರಕ್ಕೆ. ಆ ನೀರು ಹೋಗಬೇಕಾದ್ದು ಟೈರಿನ ಮೈಮೇಲಿನ ತೋಡುಗಳೊಳಗೆ. ಹೊಸತರಲ್ಲಿ ಸುಮಾರು 8 ಮಿ.ಮೀ. ಆಳವಿದ್ದ ತೋಡು 2ಕ್ಕೆ ಇಳಿದರೆ ನೀರಿಗೆ ದಾರಿ ಸಾಲದೆ ಟೈರೇ ನೀರಿನ ಮೇಲೇರುತ್ತದೆ. ಆಗ ಸ್ಟೀರಿಂಗ್ ಹಗುರಾಗುತ್ತದೆ, ಬ್ರೇಕ್ ಕೇಳುವುದಿಲ್ಲ.

ನಮ್ಮ ಮೋಟಾರು ವಾಹನ ನಿಯಮ ಕಾರಿನ ಟೈರಿಗೆ ಹೇಳುವ ಕನಿಷ್ಠ ಆಳ 1.6 ಮಿ.ಮೀ. ಜರ್ಮನಿಯದೂ ಅದೇ ಅಂಕಿ. ಆದರೆ ಅಲ್ಲಿನ ವಾಹನ ಮಾಲೀಕರ ಸಂಸ್ಥೆ ಎಡಿಎಸಿ (ADAC) ಬೇಸಿಗೆ ಟೈರಿಗೆ 3, ಚಳಿಗಾಲದ್ದಕ್ಕೆ 4 ಮಿ.ಮೀ. ಇರಲಿ ಎನ್ನುತ್ತದೆ. ಇಲ್ಲಿ ಜೇಬಿನ ಆಕ್ಷೇಪ ಏಳುತ್ತದೆ, ತಳ್ಳಿಹಾಕುವಂಥದ್ದಲ್ಲ. 8ರಿಂದ 1.6ರವರೆಗಿನ 6.4 ಮಿ.ಮೀ. ಟೈರಿನ ಆಯುಷ್ಯ. 3ಕ್ಕೇ ಕಳಚಿದರೆ ಅದರಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಕೈಬಿಟ್ಟಂತೆ. ಸಾಲ ತೀರಿಸುತ್ತಿರುವ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ. ಪಂಚಾಂಗ ಕೆಲಸಕ್ಕೆ ಬರುವುದು ಇಲ್ಲೇ. ಡಿಸೆಂಬರಿನಲ್ಲಿ 3 ಮಿ.ಮೀ. ಉಳಿದ ಟೈರನ್ನು ಒಣ ರಸ್ತೆಯಲ್ಲಿ ಮೇ ತನಕ ಸವೆಸಿ, ಗಾದೆಯ ಒರಳುಕಲ್ಲು ಬಿರಿಯುವ ಹೊತ್ತಿಗೆ ಬದಲಿಸಿ. ಅದೇ ಟೈರನ್ನು ಜೂನಿನಲ್ಲಿ ‘ಇನ್ನೊಂದು ಆರು ತಿಂಗಳು ಓಡುತ್ತದೆ’ ಎಂದು ಮಳೆಗೆ ಒಡ್ಡುವುದು ಉಳಿತಾಯವಲ್ಲ. ರೈತರಿಗೆ ಮೃಗಶಿರಾ ಬಿತ್ತನೆಯ ಲೆಕ್ಕ, ಕೃಷ್ಣಾ ತೀರದಲ್ಲೂ ಅದೇ ಹೆಸರಿನ ಕಾರ್ತೆ. ಟೈರ್ ನೋಡಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಗಡುವು ಸಿಗದು. ಎರಡನೆಯದು ದಸರೆ. ಇಂದ್ರಕೀಲಾದ್ರಿಯ ಕನಕದುರ್ಗೆಗೆ ಕಾರುಗಳು ಹೊರಡುವ ಆ ಹೊತ್ತಿಗೆ ಆಂಧ್ರದ ಕರಾವಳಿಗೆ ಚಂಡಮಾರುತದ ಕಾಲ, ಬೆಂಗಳೂರಿಗೂ ಜೋರು ಮಳೆಯ ಕಾಲ. ಆಯುಧಪೂಜೆಗೆ ಹೇಗೂ ಕಾರು ತೊಳೆದು ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವೆ, ಇಡಲು ಬಗ್ಗಿದವರು ತೋಡಿನ ಆಳವನ್ನೂ ನೋಡಬಹುದು.

ನೋಡಿಕೊಳ್ಳುವುದು ಮಾಲೀಕನ ಜವಾಬ್ದಾರಿ, ಸರ್ಕಾರಕ್ಕೇನು ಕೆಲಸ ಎನ್ನುವವರಿಗೆ ಒಂದು ಸಂಗತಿ. ಜರ್ಮನಿಯಲ್ಲಿ ಹೊಸ ಕಾರು ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ತಪಾಸಣೆಗೆ ಹೋಗಲೇಬೇಕು. ನಮ್ಮಲ್ಲಿ ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷದ್ದು, ಅಷ್ಟು ಕಾಲ ಅದಕ್ಕೆ ಕಡ್ಡಾಯ ಫಿಟ್‌ನೆಸ್ ಪರೀಕ್ಷೆ ಇಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಒದ್ದೆ ರಸ್ತೆಯ ಹಿಡಿತಕ್ಕೆ ಕನಿಷ್ಠ ಮಟ್ಟ ಗೊತ್ತುಮಾಡಿತು, ಒಳ್ಳೆಯದೇ. ಆದರೆ ಅದು ಕಾರ್ಖಾನೆಯಿಂದ ಹೊರಬರುವ ಹೊಸ ಟೈರಿನ ಮಾತು, ನಾಲ್ಕು ವರ್ಷ ಓಡಿದ ಮೇಲಿನದನ್ನು ಕೇಳುವವರಿಲ್ಲ. ಹೊಸ ಇಲಾಖೆಯೇನೂ ಬೇಡ. ಹೊಗೆ ತಪಾಸಣೆಗೆ ಕಾರುಗಳು ಹೇಗೂ ಹೋಗುತ್ತವೆ, ಆಳ ಅಳೆಯುವ ಕಡ್ಡಿಗೆ ಕೆಲವು ನೂರು ರೂಪಾಯಿ, ಕೆಲಸ ಎರಡು ನಿಮಿಷದ್ದು. ಇನ್ನೊಂದು ಲಂಚದ ಕಿಂಡಿ ತೆರೆದಂತಾಗುತ್ತದೆ ಎಂಬ ಭಯ ಸಹಜ. ಅದಕ್ಕೇ ದಂಡ ಬೇಡ, ತಡೆಯುವ ಅಧಿಕಾರವೂ ಬೇಡ. ಹೊಗೆಯ ಅಂಕಿ ಮುದ್ರಿಸುವ ಅದೇ ಚೀಟಿಯಲ್ಲಿ ನಾಲ್ಕು ಚಕ್ರಗಳ ಎದುರು ನಾಲ್ಕು ಮಿಲಿಮೀಟರಿನ ಅಂಕಿ, ಕೆಳಗೆ ಟೈರ್ ತಯಾರಾದ ವಾರ ಮತ್ತು ವರ್ಷ.