ಕಾಡುಕೋಳಿಯ ಲೆಕ್ಕ ಯಾರ ಹತ್ತಿರ ಇದೆ?

ಹಾಸನದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಸಕಲೇಶಪುರ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರನ ನಮಸ್ಕಾರಗಳು.

ಸಕಲೇಶಪುರ, ಆಲೂರು ಕಡೆಯಿಂದ ತಮ್ಮ ಮೇಜಿಗೆ ಬರುವ ಅರ್ಜಿಗಳು ಬಹುಪಾಲು ಆನೆಯವೇ ಇರುತ್ತವೆ ಎಂದು ಬಲ್ಲೆ. ತುಳಿದ ಗದ್ದೆ, ಮುರಿದ ಬಾಳೆ, ಹೋದ ಜೀವ. 2023ರ ಡಿಸೆಂಬರ್ 4ರಂದು ದಸರೆಯ ಅಂಬಾರಿ ಹೊತ್ತ ಆನೆ ಅರ್ಜುನನೇ ಯಸಳೂರು ವಲಯದ ಕಾಡಿನಲ್ಲಿ ಕಾಡಾನೆಯ ಎದುರು ಬಿದ್ದು ಸತ್ತ ಮೇಲೆ, ಇಲ್ಲಿ ಬೇರೆ ಪ್ರಾಣಿಯ ಹೆಸರೆತ್ತಲು ನಮಗೇ ಸಂಕೋಚ. ಆದರೂ ಈ ಕಾಗದ ಆನೆಯದಲ್ಲ, ಕಾಡುಕೋಳಿಯದು.

ಶಿಕಾರಿಯ ವಿಷಯ ಅರಣ್ಯ ಇಲಾಖೆಗೆ ಸೇರಿದ್ದು, ಈತ ವಿಳಾಸ ತಪ್ಪಿ ಬರೆದಿದ್ದಾನೆ ಅಂದುಕೊಳ್ಳಬೇಡಿ. ನಮ್ಮ ಮನೆಗಳ ಕೋವಿಗೆ ಲೈಸೆನ್ಸ್ ಕೊಡುವವರು, ನವೀಕರಿಸುವವರು, ಚುನಾವಣೆ ಬಂದಾಗ ಠಾಣೆಗೆ ತಂದಿಡಿ ಅನ್ನುವವರು ತಾವು. ಅದಕ್ಕೇ ತಮಗೆ.

ಮೊನ್ನೆ ಒಂದು ಬೀಗರೂಟದಲ್ಲಿ ನಮ್ಮ ಕಡೆಯ ನಾಲ್ಕೈದು ಹುಡುಗರು ಒಂದು ಮನವಿಯ ಕರಡು ತಂದು ನನ್ನ ಮುಂದೆ ಹಿಡಿದರು. ವರ್ಷಕ್ಕೆ ಎರಡು ತಿಂಗಳು, ಶುಲ್ಕ ಕಟ್ಟಿಸಿಕೊಂಡು, ತಲೆಗೆ ಇಷ್ಟು ಎಂದು ಮಿತಿ ಹಾಕಿ, ಕಾಡುಕೋಳಿ, ಗೌಜಲು, ಬುರ್ಲಿ ಹೊಡೆಯಲು ಸರ್ಕಾರ ಅನುಮತಿ ಕೊಡಬೇಕು, ಹಿಂದೆ ಇತ್ತಲ್ಲ, ಬೇರೆ ದೇಶಗಳಲ್ಲಿ ಈಗಲೂ ಇದೆಯಲ್ಲ, ಎಂಬುದು ಅವರ ವಾದ. ಕೋವಿ ಇಟ್ಟ ಹಳಬ ಎಂದು ಮೊದಲ ಸಹಿ ನನ್ನದೇ ಆಗಬೇಕಿತ್ತು. ನಾನು ಹಾಕಲಿಲ್ಲ. ಯಾಕೆ ಅಂತ ಹೇಳುವಷ್ಟರಲ್ಲಿ ಎಲೆಗೆ ಕಡುಬು ಬಂತು, ಮಾತು ಅಲ್ಲಿಗೇ ನಿಂತಿತು. ಅವತ್ತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ನಾನು ಕಾಡುಕೋಳಿ ತಿಂದು ಬೆಳೆದವನು. 1960ರ ದಶಕದ ಕೊನೆಯಲ್ಲಿ ಅಪ್ಪನ ಹಿಂದೆ ತೋಟಾ ಚೀಲ ಹೊತ್ತು ಓಡಾಡಿದವನು. ಅಪ್ಪನಿಗೆ ಜೋಡಿ ನಳಿಗೆಯ ಕೋವಿ ಇತ್ತು, ಶಿಕಾರಿಯ ಪರವಾನಗಿಯೂ ಇತ್ತು. ಪರವಾನಗಿಯ ಅವಧಿ ಮುಗಿದ ಮೇಲೆ ಏನೇನು ಹೊಡೆದೆ ಎಂದು ಅದರ ಬೆನ್ನಿಗೆ ಬರೆದು ವಾಪಸು ಒಪ್ಪಿಸಬೇಕಿತ್ತು. ಒಂದು ವರ್ಷ ಅಪ್ಪ 'ಕಾಡುಕೋಳಿ ಹುಂಜ 4' ಎಂದು ದುಂಡಗೆ ಬರೆದದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದೆ. ಆದರೆ ಅಪ್ಪನಿಗೆ ಇನ್ನೊಂದು ಅಭ್ಯಾಸವಿತ್ತು: ಹೊಡೆದ ಪ್ರತಿ ಹುಂಜದ ಕತ್ತಿನಿಂದ ಒಂದೊಂದು ಗರಿ ಕಿತ್ತು ಆ ವರ್ಷದ ತೋಟದ ಲೆಕ್ಕದ ಪುಸ್ತಕದಲ್ಲಿ ಇಡುವುದು. ಆ ಪುಸ್ತಕದಲ್ಲಿ ಒಂಬತ್ತು ಗರಿ ಇದ್ದವು.

ಆ ಗರಿಯನ್ನು ತಾವು ಕೈಯಲ್ಲಿ ಹಿಡಿದು ನೋಡಿದ್ದೀರೋ ಇಲ್ಲವೋ. ಕಪ್ಪು ಗರಿ, ನಡುವೆ ಬಿಳಿ ದಿಂಡು, ತುದಿಗೆ ಬರುತ್ತಾ ಅರಗು ಕಾಯಿಸಿ ತೊಟ್ಟಿಕ್ಕಿಸಿದಂಥ ಒಂದು ಹಳದಿ ಹನಿ. ಉಗುರು ತಾಗಿಸಿದರೆ ಗರಿ ಅನ್ನಿಸುವುದಿಲ್ಲ, ನುಣ್ಣಗೆ, ಗಟ್ಟಿಯಾಗಿ ಇರುತ್ತದೆ. ಇದಕ್ಕಾಗಿಯೇ ಇಂಗ್ಲೆಂಡಿನಲ್ಲಿ ಸಾಲ್ಮನ್ ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಹುಸಿ ನೊಣಗಳಲ್ಲಿ ನಮ್ಮ ಹುಂಜದ ಗರಿಗೆ ಭಾರಿ ಬೆಲೆ ಇತ್ತು. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪೆಂಡೆಂಟಿನ ಗಲಾಟೆ ಎದ್ದಾಗ ನನ್ನ ಮನೆಯಾಕೆ ಹೆದರಿ ಅಷ್ಟೂ ಗರಿಗಳನ್ನು ಬಚ್ಚಲೊಲೆಗೆ ಹಾಕಿದಳು. ಪುಸ್ತಕ ಮಾತ್ರ ಉಳಿದಿದೆ.

ಅಪ್ಪ ಸುಳ್ಳು ಬರೆದದ್ದು ತಪ್ಪೇ. ಆದರೆ ಸುಳ್ಳು ಬರೆಯಬೇಕಾದರೂ ನಿಜದ ಸಂಖ್ಯೆ ಗೊತ್ತಿರಬೇಕು ನೋಡಿ. ಅಪ್ಪನಿಗೆ ಅದು ಗೊತ್ತಿತ್ತು. ಈಗ ಯಾರಿಗೂ ಗೊತ್ತಿಲ್ಲ. ನನ್ನ ಮಾತೆಲ್ಲ ಇಷ್ಟೇ, ಮುಂದಿನದು ಅದರ ವಿಸ್ತಾರ.

ಈ ಬೆಟ್ಟಗಳಲ್ಲಿ ಕಾಫಿ ಮತ್ತು ಶಿಕಾರಿ ಜೊತೆಜೊತೆಗೇ ಬೆಳೆದವು. ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ ಚಿನ್ನ, ಬೇಟೆ, ಕಾಫಿ ಮೂರೂ ಒಟ್ಟಿಗಿವೆ. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನಿನ ರಕ್ಷಣೆಗೆ ರೆಗ್ಯುಲೇಷನ್ ತಂದಿತ್ತು. ಆಮೇಲೆ ಬಂದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದು ಬಂದ ದಿನವೇ ಶಿಕಾರಿ ನಿಂತಿತು ಎಂದು ನಮ್ಮ ಹುಡುಗರು ತಿಳಿದಿದ್ದಾರೆ. ಹಾಗಲ್ಲ. ಮೂಲ ಕಾಯ್ದೆಯಲ್ಲಿ ಸಣ್ಣ ಬೇಟೆಗೆ ಬೇರೆ, ದೊಡ್ಡ ಬೇಟೆಗೆ ಬೇರೆ ಲೈಸೆನ್ಸ್ ಇತ್ತು. ಹೊಡೆದದ್ದರ ದಾಖಲೆ ಇಡಬೇಕಿತ್ತು. ವರ್ಷದ ಇಂಥ ಕಾಲ ನಿಷಿದ್ಧ ಎಂದು ಸರ್ಕಾರ ಸಾರಬಹುದಿತ್ತು. ರಾತ್ರಿ ಹೊಡೆಯಬಾರದು, ವಾಹನದಿಂದ ಹೊಡೆಯಬಾರದು, ಬಲೆ, ಉರುಳು, ವಿಷ ಕೂಡದು, ಇನ್ನೊಬ್ಬರ ಜಮೀನಿನಲ್ಲಿ ಅವರ ಒಪ್ಪಿಗೆಯಿಲ್ಲದೆ ಕೂಡದು. ನಾಯಿ ಬಿಟ್ಟು ಬೇಟೆಯಾಡಬಾರದು, ಆದರೆ ನೀರುಹಕ್ಕಿ, ಗೌಜಲು, ಬುರ್ಲಿಗೆ ನಾಯಿ ಆಗಬಹುದು ಎಂಬಷ್ಟು ಸೂಕ್ಷ್ಮವಾಗಿ ಬರೆದಿದ್ದರು. ಅದನ್ನು ಬರೆದವರು ಯಾರೋ ಶಿಕಾರಿ ಗೊತ್ತಿದ್ದವರೇ ಇರಬೇಕು ಅನ್ನಿಸುತ್ತದೆ. 1991ರ ತಿದ್ದುಪಡಿ ಈ ಕಲಮುಗಳನ್ನೆಲ್ಲ ತೆಗೆದುಹಾಕಿ, ಅಕ್ಟೋಬರ್ 2ರಿಂದ, ಗಾಂಧಿ ಜಯಂತಿಯ ದಿನದಿಂದಲೇ, ಲೈಸೆನ್ಸಿನ ಶಿಕಾರಿಗೆ ಬಾಗಿಲು ಮುಚ್ಚಿತು.

ಮುಚ್ಚಿದ್ದು ಸರಿ. ಆದರೆ ಪರವಾನಗಿಯ ಜೊತೆಗೆ ಲೆಕ್ಕವೂ ಹೋಯಿತು. ಹೊಡೆಯುವುದೇ ಇಲ್ಲ ಅಂದಮೇಲೆ ಎಣಿಸುವುದೇನು ಎಂದು ಎಲ್ಲರೂ ಸುಮ್ಮನಾದರು. ಹೊಡೆಯುವುದು ನಿಂತಿದೆಯೇ ಎಂದು ಕೇಳಿದರೆ ನಮ್ಮ ಹೋಬಳಿಯಲ್ಲಿ ಯಾರೂ ಮುಖ ಕೊಟ್ಟು ಉತ್ತರಿಸುವುದಿಲ್ಲ.

ಹೋದ ವರ್ಷ ಫೆಬ್ರವರಿಯಲ್ಲಿ, ರೋಬಸ್ಟಾ ಕೊಯ್ಲು ನಡೆಯುತ್ತಿದ್ದಾಗ, ನಮ್ಮ ತೋಟದ ಕೆಳಗಿನ ಹಳ್ಳದ ಬದಿ ಕಾಲುದಾರಿಯಲ್ಲಿ ಒಂದು ಉರುಳು ಸಿಕ್ಕಿತು. ಬೈಕಿನ ಕ್ಲಚ್ ತಂತಿಯ ಎಳೆ ಬಿಡಿಸಿ ಮಾಡಿದ್ದು. ಎರಡೂ ಕಡೆ ಒಣ ಕಾಫಿ ರೆಂಬೆ ನೆಟ್ಟು ಬೇಲಿ ಮಾಡಿ, ನಡುವೆ ಕೋಳಿ ನುಸುಳುವಷ್ಟು ಕಂಡಿ ಬಿಟ್ಟು, ಆ ಕಂಡಿಗೆ ಉರುಳು. ಹೇಂಟೆ ಸಿಕ್ಕಿಬಿದ್ದಿತ್ತು. ತಂತಿ ಕಾಲಿನ ಮೂಳೆಯವರೆಗೂ ಇಳಿದಿತ್ತು. ಬಿಡಿಸುವಷ್ಟರಲ್ಲಿ ಕೈಯಲ್ಲೇ ಪ್ರಾಣ ಬಿಟ್ಟಿತು. ಹೊಟ್ಟೆಯ ಕೆಳಭಾಗದಲ್ಲಿ ಕಾವಿಗೆ ಕೂತ ಹೇಂಟೆಗೆ ಆಗುವ ಹಾಗೆ ತುಪ್ಪಳ ಉದುರಿ ಚರ್ಮ ಕಾಣುತ್ತಿತ್ತು. ಮೊಟ್ಟೆ ಎಲ್ಲಿತ್ತೋ, ಹುಡುಕಿದೆವು, ಸಿಗಲಿಲ್ಲ. ಯಾರು ಹಾಕಿದ್ದು ಎಂದು ನನಗೆ ಗೊತ್ತಿಲ್ಲ ಅಂದರೆ ಅದೂ ಅಪ್ಪನ ನಾಲ್ಕು ಹುಂಜದ ಹಾಗೆಯೇ. ನಾನು ದೂರು ಕೊಡಲಿಲ್ಲ. ಕೊಯ್ಲಿನ ಕಾಲ, ಆಳು ಸಿಗುವುದೇ ಕಷ್ಟ.

ಇನ್ನೊಂದು, ಏರ್‌ಗನ್ನು. 2016ರ ಆಯುಧ ನಿಯಮಗಳ ಪ್ರಕಾರ ಕಡಿಮೆ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಗುರಿ ಅಭ್ಯಾಸಕ್ಕೆಂದು ತರುತ್ತಾರೆ. ಗುರಿಗೆ ಕಟ್ಟುವ ಡಬ್ಬ ಎರಡು ದಿನಕ್ಕೆ ಬೇಜಾರಾಗುತ್ತದೆ. ಮೂರನೇ ದಿನ ಸಿಲ್ವರ್ ಓಕ್ ಮೇಲಿನ ಹಸಿರು ಪಾರಿವಾಳ. ಕೈಯಲ್ಲಿ ಹಿಡಿದ ಆಟಿಕೆಗೆ ಲೈಸೆನ್ಸ್ ಬೇಡ ಅಂದರೆ ಹೊಡೆದ ಹಕ್ಕಿಗೂ ಬೇಡ ಎಂದು ಆ ಹುಡುಗರು ಪ್ರಾಮಾಣಿಕವಾಗಿಯೇ ನಂಬಿದ್ದಾರೆ. ಕಾಯ್ದೆಯ ಕಣ್ಣಿಗೆ ಕೊಲ್ಲುವುದಷ್ಟೇ ಅಲ್ಲ, ಗಾಯ ಮಾಡುವುದು, ಹಿಡಿಯುವುದು, ಮೊಟ್ಟೆ ತೆಗೆಯುವುದು, ಗೂಡು ಕೆದಕುವುದು ಎಲ್ಲವೂ ಬೇಟೆಯೇ ಎಂದು ಅವರಿಗೆ ಯಾರೂ ಹೇಳಿಲ್ಲ.

ಕೋವಿಯವರಾದ ನಮಗೂ ಹೇಳಿದವರಿಲ್ಲ. 1959ರ ಆಯುಧ ಕಾಯ್ದೆ ಬೆಳೆ ರಕ್ಷಣೆಗೆ ಕೇಪಿನ ಕೋವಿ ಕೊಡಬಹುದು ಅನ್ನುತ್ತದೆ. ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಕೋವಿಯನ್ನು ರಕ್ಷಣೆಗೆ ಇಲ್ಲವೇ 'ಸ್ಪೋರ್ಟ್'ಗೆ ಕೊಡಬಹುದು ಎಂದೂ ಅನ್ನುತ್ತದೆ. ಆ ಒಂದು ಪದ ಅಲ್ಲಿ ಹಾಗೇ ಕೂತಿದೆ. ವನ್ಯಜೀವಿ ಕಾಯ್ದೆ ಬೇಟೆಯನ್ನು ಕಿತ್ತುಹಾಕಿತು, ಆಯುಧ ಕಾಯ್ದೆ ಆ ಪದ ಇಟ್ಟುಕೊಂಡಿತು. ಬೀಗರೂಟದ ಹುಡುಗರು ಕರಡಿನಲ್ಲಿ ಅಡಿಗೆರೆ ಎಳೆದು ತೋರಿಸಿದ್ದೂ ಇದನ್ನೇ. ಮಾತೆತ್ತಿದರೆ ಕೊಡಗಿನ ಕಡೆ ಕೈ ತೋರಿಸುತ್ತಾರೆ. ಕೊಡವರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ, ನಿಜ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಕೋಳಿ ಹೊಡೆಯುವುದಕ್ಕಲ್ಲ.

ಇನ್ನು ಬೇರೆ ದೇಶದ ಮಾತು. ಅಮೆರಿಕದಲ್ಲಿ 1934ರಿಂದ ಬಾತು ಹೊಡೆಯುವವರು ಒಂದು ಸ್ಟಾಂಪ್ ಕೊಳ್ಳಬೇಕು, ಆ ದುಡ್ಡು ಜೌಗು ಭೂಮಿ ಉಳಿಸುವುದಕ್ಕೆ ಹೋಗುತ್ತದೆ, ಅಂಥದ್ದೇ ಇಲ್ಲೂ ಬರಲಿ ಎಂದು ನಮ್ಮವರ ಆಸೆ. ಅದೇ ಅಮೆರಿಕದಲ್ಲಿ 1955ರಿಂದ ಹೆಚ್ಚುಕಡಿಮೆ ಪ್ರತಿವರ್ಷ ವಿಮಾನದಲ್ಲಿ ಹಾರಾಡಿ ಬಾತುಗಳನ್ನು ಎಣಿಸುತ್ತಾರೆ ಎಂಬುದನ್ನು ಕರಡಿನಲ್ಲಿ ಯಾರೂ ಬರೆದಿರಲಿಲ್ಲ. ಎಷ್ಟಿವೆ ಎಂದು ನೋಡಿ, ಆಮೇಲೆ ಎಷ್ಟು ಹೊಡೆಯಬಹುದು ಎಂದು ಹೇಳುತ್ತಾರೆ. ಸಕಲೇಶಪುರದ ಕಾಡುಕೋಳಿ ಎಷ್ಟಿದೆ? ಎರಡು ತಿಂಗಳು ಅಂದರೆ ಯಾವ ಎರಡು ತಿಂಗಳು? ನಮ್ಮ ಹಿರಿಯರ ಶಿಕಾರಿಯ ದೊಡ್ಡ ಹಬ್ಬ ಯುಗಾದಿಯ ಹೊಸತೊಡಕು. ಹೂಮಳೆ ಬಿದ್ದು ಕಾಫಿ ಅರಳುವ ಹೊತ್ತು, ಹೇಂಟೆ ಕಾವಿಗೆ ಕೂರುವ ಹೊತ್ತು. ಸಂಪ್ರದಾಯ ಎಂದು ಅದನ್ನೇ ಹಿಡಿದು ಸೀಸನ್ ಮಾಡಿದರೆ ಹತ್ತು ವರ್ಷಕ್ಕೆ ಕೋಳಿಯೂ ಇಲ್ಲ, ಸಂಪ್ರದಾಯವೂ ಇಲ್ಲ. ಸಹಿ ಹಾಕದ್ದಕ್ಕೆ ಕಾರಣ ಇದು.

ಹಂದಿಯ ವಿಷಯ ಬೇರೆ. ಒಂದೇ ರಾತ್ರಿಗೆ ಗದ್ದೆ ಉತ್ತು ಹೋಗುತ್ತದೆ. ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರಿಗೇ ಹಂದಿ ಹೊಡೆಸುವ ಅಧಿಕಾರ ಕೊಟ್ಟಿದ್ದಾರೆ. ಅದು ಇನ್ನೊಂದು ಕಾಗದಕ್ಕಾಗುವಷ್ಟಿದೆ. ಇಲ್ಲಿ ಅದನ್ನು ಎತ್ತಿದ್ದು ಒಂದೇ ಕಾರಣಕ್ಕೆ: ಹಂದಿಯ ಹೆಸರಿನಲ್ಲಿ ಕೊಂಡ ತೋಟಾ ಕೋಳಿಗೆ ಹೋಗುತ್ತದೆ. ಇದನ್ನು ಹಿಡಿಯಲು ಕಾಡು ಸುತ್ತಬೇಕಾಗಿಲ್ಲ. ತೋಟಾ ಮಾರುವ ಅಂಗಡಿಯವರು ಯಾರಿಗೆ ಎಷ್ಟು ಮಾರಿದೆವು ಎಂದು ರಿಜಿಸ್ಟರ್ ಇಡಬೇಕಲ್ಲ, ಅದನ್ನು ಒಮ್ಮೆ ತರಿಸಿ ನೋಡಿ. ಹಂದಿಗೆ ಎಲ್‌ಜಿ ಎಂಬ ದಪ್ಪ ಚರೆಯ ತೋಟಾ ಬೇಕು. ಆರನೇ ನಂಬರಿನ ಸಣ್ಣ ಚರೆ ಹಂದಿಯ ಚರ್ಮಕ್ಕೆ ಮಳೆ ಹನಿ ಬಿದ್ದ ಹಾಗೆ. ಬೆಳೆ ರಕ್ಷಣೆಯ ಲೈಸೆನ್ಸಿನವನು ಆರನೇ ನಂಬರು ಕೊಂಡಿದ್ದಾನೆ ಅಂದರೆ ಅವನ ಮನಸ್ಸಿನಲ್ಲಿ ಇರುವುದು ಹಂದಿಯಲ್ಲ. ಈ ಗುಟ್ಟು ಹೇಳಿದ್ದಕ್ಕೆ ನನ್ನ ಗೆಳೆಯರು ಮುಂದಿನ ಬೀಗರೂಟಕ್ಕೆ ನನ್ನನ್ನು ಕರೆಯುವುದಿಲ್ಲ, ಇರಲಿ.

ತಮ್ಮಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಈಗ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣ. ಆ ದಿನ ನಮ್ಮ ಕೈಗೆ ಕನ್ನಡದಲ್ಲಿ ಬರೆದ ಒಂದು ಹಾಳೆ ಕೊಡಿಸಿ: ಈ ಕೋವಿಯಿಂದ ಏನು ಮಾಡಬಹುದು, ಏನು ಮಾಡಬಾರದು, ಮೈಮೇಲೆ ಬಂದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದರೆ ಕಾನೂನು ಏನನ್ನುತ್ತದೆ, ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗಿನವರು ಅರಣ್ಯ ಇಲಾಖೆಯಲ್ಲೂ ಹೆಸರು ಬರೆಸಬೇಕು ಎಂಬುದು. ಪುಷ್ಪಗಿರಿ ಅಭಯಾರಣ್ಯದ ಮಗ್ಗುಲಲ್ಲೇ ಇರುವ ಬಿಸ್ಲೆ ಕಡೆಯವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ. ಏರ್‌ಗನ್ನಿನವರಿಗೆ ಲೈಸೆನ್ಸೇ ಇಲ್ಲದ್ದರಿಂದ ಹಾಳೆ ಕೊಡುವ ದಾರಿಯಿಲ್ಲ. ಅವರಿಗೆ ಅರುಣಾಚಲದವರು ಮಾಡಿದ್ದನ್ನು ಮಾಡಬಹುದು. 2021ರ ಮಾರ್ಚಿನಲ್ಲಿ ಅಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರು ಮಾಡಿದರು. ಬೇಟೆಯೇ ಬದುಕಾಗಿದ್ದ ಊರುಗಳ ಜನ ತಾವಾಗಿ ಬಂದು ಬಂದೂಕು ಕೊಟ್ಟರು. ನಮ್ಮವರು ಕೊಡಲಾರರೇ?

ಕೊನೆಯದು ಎಣಿಕೆ. ಮಳೆಗಾಲದಲ್ಲಿ ಹುಂಜ ಕತ್ತಿನ ಗರಿ ಉದುರಿಸಿಕೊಂಡು ಸುಮ್ಮನಾಗಿಬಿಡುತ್ತದೆ. ಮಾರ್ಚಿನಲ್ಲಿ ಹಾಗಲ್ಲ, ಬೆಳಕು ಹರಿಯುವ ಮೊದಲೇ ಒಂದೊಂದೂ ತನ್ನ ಜಾಗ ಹಿಡಿದು ಕೂಗುತ್ತದೆ, ಒಂದಕ್ಕೊಂದು ಉತ್ತರ ಕೊಡುತ್ತದೆ. ತೋಟದವನಿಗೆ ಯಾವ ಕೂಗು ಯಾವ ಮೂಲೆಯದು ಎಂದು ಗೊತ್ತಿರುತ್ತದೆ. ಕೋವಿ ಲೈಸೆನ್ಸ್ ಇರುವ ಪ್ರತಿಯೊಬ್ಬನೂ ಮಾರ್ಚಿನ ಮೂರು ಬೆಳಗ್ಗೆ ಅಂಗಳದಲ್ಲಿ ಕೂತು ಎಷ್ಟು ಹುಂಜ ಕೂಗಿದವು ಎಂದು ಬರೆದು ವಲಯ ಅರಣ್ಯ ಕಚೇರಿಗೆ ಕೊಡಲಿ. ಕೆಲವರು ಅಪ್ಪನ ಹಾಗೆ ಬರೆಯುತ್ತಾರೆ, ಬರೆಯಲಿ. ನಾಲ್ಕೈದು ವರ್ಷ ಬರೆದರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಖರ್ಚು ಒಂದು ಲೋಟ ಕಾಫಿ.

ಯಾರೂ ಕೇಳದೆ ನಾನು ಶುರು ಮಾಡಿಬಿಟ್ಟಿದ್ದೇನೆ. ಅಪ್ಪನ ಅದೇ ಪುಸ್ತಕದ ಕೊನೆಯ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಈ ಮಾರ್ಚಿನದು: ಮೊದಲ ದಿನ ಏಳು, ಎರಡನೇ ದಿನ ಮಂಜು ಹೆಚ್ಚಿತ್ತು, ಐದು. ಮೂರನೇ ದಿನ ಏಳು. ಹಳ್ಳದ ಬದಿಯದು ಮೂರೂ ದಿನ ಕೂಗಲಿಲ್ಲ. ಇದನ್ನು ಎಲ್ಲಿ ದಾಖಲಿಸಬೇಕು ಎಂದು ಒಂದು ಸಾಲು ಬರೆಸಿ ತಿಳಿಸಿದರೆ ಮುಂದಿನ ವರ್ಷದ್ದನ್ನು ಅಲ್ಲಿಗೇ ತಂದು ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೋವಿ ಇಟ್ಟ ಒಬ್ಬ ಬೆಳೆಗಾರ