ಯಾರಿಗೆ ಸಪೋರ್ಟು?

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅಮ್ಮ ಕೇಳಿದಳು, "ಯಾರಾದ್ರೂ ನಿನ್ನ ಕೆಲಸ ಏನು ಅಂದ್ರೆ ಏನು ಹೇಳ್ಲೋ?"

"ಸಪೋರ್ಟ್ ಟೀಮು ಅನ್ನಮ್ಮ."

"ಯಾರಿಗೆ ಸಪೋರ್ಟು?"

ಒಳ್ಳೆ ಪ್ರಶ್ನೆ. ದಿನಕ್ಕೆ ನೂರು ಸಲ ಬಳಸೋ ಪದ ಇದು. ಲ್ಯಾಟಿನ್‌ನಲ್ಲಿ 'ಸಬ್' ಅಂದರೆ ಕೆಳಗೆ, 'ಪೊರ್ತಾರೆ' ಅಂದರೆ ಹೊರುವುದು. ಕೆಳಗಿನಿಂದ ಹೊತ್ತು ನಿಲ್ಲುವುದೇ ಸಪೋರ್ಟ್. ರೈಲ್ವೆ ಸ್ಟೇಷನ್ನಿನ ಪೋರ್ಟರ್, ಟ್ರಾನ್ಸ್‌ಪೋರ್ಟ್, ಎಕ್ಸ್‌ಪೋರ್ಟ್ ಎಲ್ಲ ಅದೇ ಬೇರಿನವು. ನಮ್ಮ 'ಬೆಂಬಲ' ಮಾತ್ರ ಬೆನ್ನ ಹಿಂದಿನ ಬಲ.

ಅರ್ಥಗಳೂ ಹಲವು. ಆರ್‌ಸಿಬಿಗೆ ಸಪೋರ್ಟ್ ಅಂದರೆ ಅಭಿಮಾನ. ಹಳೇ ಫೋನು ಹೊಸ ಆ್ಯಪನ್ನು ಸಪೋರ್ಟ್ ಮಾಡಲ್ಲ ಅಂದರೆ ಹೊಂದಲ್ಲ ಅಂತ. ರೈತರ ಬೆಂಬಲ ಬೆಲೆ ಇಂಗ್ಲಿಷಿನಲ್ಲಿ ಸಪೋರ್ಟ್ ಪ್ರೈಸ್. ಮನುಷ್ಯರ ಗುಣಕ್ಕೆ 'ಸಪೋರ್ಟಿವ್', ಸಿನಿಮಾ ಪಾತ್ರಕ್ಕೆ, ದಾಖಲೆಗೆ 'ಸಪೋರ್ಟಿಂಗ್'.

ಆಫೀಸ್ ಮೇಲ್ ಬರೆಯುವಾಗ ಒಂದು ಜೋಪಾನ. ನಾವು 'ನಂಗೆ ಸಪೋರ್ಟ್ ಮಾಡಿ' ಅಂತೀವಲ್ಲ, ಆ 'ಗೆ' ಇಂಗ್ಲಿಷಿಗೂ ನುಸುಳಿ 'ಸಪೋರ್ಟ್ ಟು ಮಿ' ಆಗುತ್ತೆ. ಅದು ತಪ್ಪು, 'ಸಪೋರ್ಟ್ ಮಿ' ಸಾಕು.

ಅವತ್ತು ಸಂಜೆ ತೋಟದಲ್ಲಿ ಗೊನೆ ಬಿಟ್ಟ ಬಾಳೆಯೊಂದು ವಾಲಿತ್ತು. "ಆ ಕಡೆ ಹಿಡ್ಕೋ, ಕೋಲು ಕೊಡ್ತೀನಿ" ಅಂದಳು ಅಮ್ಮ. ಹಿಡಿಯೋಷ್ಟರಲ್ಲಿ ಫೋನ್ ಬಂತು, ಅಮೆರಿಕದ ಕ್ಲೈಂಟು. ಬದುವಿನ ಮೇಲೆ ನಿಂತು ಇಪ್ಪತ್ತು ನಿಮಿಷ ಮಾತಾಡಿದೆ. ವಾಪಸ್ ಬಂದಾಗ ಕೋಲು ನಿಂತಿತ್ತು. ಅಪ್ಪ ಹೋದಮೇಲೆ ಒಬ್ಬಳೇ ಹಾಗೆಲ್ಲ ಮಾಡಿಕೊಳ್ಳೋದು ಅವಳಿಗೆ ರೂಢಿ.

"ಮುಗೀತಾ ನಿನ್ ಸಪೋರ್ಟು?" ಅಂದಳು, ಕೈ ಒರೆಸಿಕೊಳ್ತಾ.

'ಐ ಸಪೋರ್ಟ್ ಮೈ ಮದರ್' ಅಂದರೆ ಇಂಗ್ಲಿಷಿನವರಿಗೆ ಮೊದಲು ಹೊಳೆಯೋ ಅರ್ಥ, ದುಡ್ಡು ಕೊಟ್ಟು ಸಾಕ್ತಿದ್ದೀನಿ ಅಂತ. ನಾನು ಮಾಡ್ತಿದ್ದದ್ದೂ ಅಷ್ಟೇ, ಪ್ರತಿ ತಿಂಗಳು ಒಂದನೇ ತಾರೀಕು ಫೋನ್ ಪೇ.

ಬೆಂಗಳೂರಿಗೆ ಬಂದ ದಿನವೇ ಮ್ಯಾನೇಜರ್‌ಗೆ ಮೇಲ್ ಹಾಕಿದೆ: ತಿಂಗಳಲ್ಲಿ ಎರಡು ಶನಿವಾರ ಆನ್‌ಕಾಲ್ ಬೇಡ, ಊರಿಗೆ ಹೋಗ್ಬೇಕು. ಉತ್ತರ ಇನ್ನೂ ಬಂದಿಲ್ಲ. ಮೊದಲ ಶನಿವಾರಕ್ಕೆ ಬಸ್ ಟಿಕೆಟ್ ಮಾತ್ರ ಮಾಡಿಸಿದ್ದೀನಿ.